ಹುಬ್ಬಳ್ಳಿ-ಧಾರವಾಡದಾಗ ಇದ್ದ ಮನಿ ಮ್ಯಾಲ ಇನ್ನೊಂದ್ ಫ್ಲೋರ್ ಏರಸಬೇಕಂದ್ರ ಪರ್ಮಿಷನ್ ಹೆಂಗ ತಗೋಬೇಕು

ಮಗನ ಮದುವಿ ಆತು, ಇಲ್ಲಾ ನಾಕ್ ದುಡ್ಡ ಬಾಡಗಿ ಬರ್ಲಿ ಅಂತ ಮ್ಯಾಲ ಎರಡ್ ರೂಮ್ ಏರಸೋ ವಿಚಾರ ಮಾಡವ್ರು ನಮ್ಮ ಕಡೆ ಮೊದ್ಲ ಗೌಂಡಿನ್ನ ಕರಸ್ತಾರ, ಖಡಿ ಉಸುಕಿನ ರೇಟ್ ಕೇಳತಾರ, ಪಾಲಿಕಿ ನೆನಪಾಗೋದು ಬಾಜೂ ಮನಿಯವ್ರು ಕಂಪ್ಲೇಂಟ್ ಕೊಟ್ಟ ಮ್ಯಾಲನ. ಸುಣ್ಣಬಣ್ಣ, ಪ್ಲಾಸ್ಟರ್, ಟೈಲ್ಸ್ ಬದ್ಲಿ ಮಾಡೋದು ಇಂಥದ್ದಕ್ಕ ಪ್ಲಾನ್ ಪಾಸ್ ಮಾಡ್ಸೋದ್ ಬ್ಯಾಡ್ರಿ. ಆದ್ರ ಹೊಸಾ ಫ್ಲೋರ್, ಹಿತ್ತಲದಾಗ ಹೊಸಾ ರೂಮ್, ಮುಂದ ಅಂಗಡಿ ಮಳಗಿ ಅಂದ್ರ 1976ರ ಕರ್ನಾಟಕ ಮುನ್ಸಿಪಲ್ ಕಾರ್ಪೊರೇಷನ್ಸ್ ಕಾಯ್ದೆ ಪ್ರಕಾರ ಪರವಾನಗಿ ಬೇಕೇ ಬೇಕು.

ನನ್ನ ಕೇಳಿದ್ರ ಹೊಸಾ ರೂಮಿಗಿಂತ ಹಳೇ ಮನಿನ ಜಾಸ್ತಿ ತ್ರಾಸ ಕೊಡತೈತಿ. ಯಾಕಂದ್ರ ನೀವು ಮ್ಯಾಲಿಂದು ತೋರ್ಸಾಕ ಹೋದ್ರ ಪಾಲಿಕಿಯವ್ರು ಮೊದ್ಲ ಕೇಳೋದು ಕೆಳಗಿನ ಮನಿ ಪ್ಲಾನ್. ಅಪ್ಪಾರ ಕಾಲದಾಗ ಪಾಸ್ ಆದ ನಕ್ಷೆ ಟ್ರಂಕಿನ್ಯಾಗ ಇದ್ರ ಹುಡುಕಿ ತಗೀರಿ, ಇಲ್ಲಾಂದ್ರ ನಿಮ್ಮ ವಲಯ ಕಚೇರಿಯಾಗ ನಕಲಿಗೆ ಅರ್ಜಿ ಹಾಕ್ರಿ. ಆ ನಕ್ಷೆ ಹಿಡ್ಕೊಂಡು ಮನಿ ಸುತ್ತ ಒಂದ್ ರೌಂಡ್ ಹಾಕ್ರಿ: ನಕ್ಷೆದಾಗ ಖಾಲಿ ಬಿಟ್ಟ ಜಾಗದಾಗ ಈಗ ಬಚ್ಚಲ, ಜಿನಾ, ಗಾಡಿ ನಿಲ್ಸೋ ಶೆಡ್ ಬಂದಿರತೈತಿ, ನೂರಕ್ಕ ತೊಂಬತ್ತ ಮನಿ ಹಿಂಗ ಅಂತ ನನ್ನ ಅಂದಾಜು. ಅದನ್ನ ಮುಚ್ಚಿಟ್ಟು ಡ್ರಾಯಿಂಗ್ ಮಾಡ್ಸಬ್ಯಾಡ್ರಿ, ಇನ್ಸ್‌ಪೆಕ್ಷನ್ನಿಗೆ ಬಂದಾಗ ಕಣ್ಣಿಗೆ ಬೀಳತೈತಿ, ಇದ್ದದ್ದನ್ನ ಇದ್ದಂಗ ಇಂಜಿನಿಯರ್ ಮುಂದ ಹೇಳ್ರಿ.

ಕಾಗದಪತ್ರ ಅಂದ್ರ ಖರೀದಿ ಪತ್ರ, ಇ-ಖಾತಾ ಉತಾರ, ಕಾವೇರಿ ವೆಬ್‌ಸೈಟ್‌ನಾಗ ತಗದ ಇಸಿ (ಆಸ್ತಿ ಮ್ಯಾಲ ಸಾಲ, ಮಾರಾಟ ಏನೇನ್ ಆಗೇತಿ ಅಂತ ತೋರ್ಸೋ ಋಣಭಾರ ಪತ್ರ), ಈ ವರ್ಷದ ಟ್ಯಾಕ್ಸ್ ರಸೀದಿ. ಹಳೇ ಓಣಿಯವ್ರದ್ದಾದ್ರ ಸಿಟಿ ಸರ್ವೆ ಆಫೀಸಿನ ಸಿಟಿಎಸ್ ಉತಾರ, ಲೇಔಟ್‌ನಾಗಿದ್ರ ಎನ್‌ಎ ಆದೇಶ (ಹೊಲಾನ ಮನಿ ಕಟ್ಟೋ ಜಾಗಾ ಮಾಡಿದ ಆದೇಶ) ಮತ್ತ ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿದ ಲೇಔಟ್ ನಕ್ಷೆ. ಗುಂಟಾ ಪ್ಲಾಟ್ (ಲೇಔಟ್ ಒಪ್ಪಿಗಿ ಇಲ್ಲದ ಹೊಲದಾಗ ಗುಂಟೆ ಲೆಕ್ಕದಾಗ ತಗೊಂಡ ಜಾಗಾ) ಇದ್ದವ್ರಿಗೆ ಇಲ್ಲೇ ಬ್ರೇಕ್ ಬೀಳತೈತಿ, ಅವ್ರು ಪ್ಲಾನಿಗೆ ರೊಕ್ಕಾ ಹಾಕೂಕಿಂತ ಮೊದ್ಲ ಖಾತಾ ವಿಷಯ ಬಗಿಹರಿಸ್ಕೊಬೇಕು. ಅಳತಿ ಎಲ್ಲಾ ಕಡೆ ಕೂಡಬೇಕ್ರಿ. ಖರೀದಿ ಪತ್ರದಾಗ ಮೂವತ್ತ ನಲವತ್ತ ಅಂತ ಇರತೈತಿ, ಉತಾರದಾಗ ಅದ 111.48 ಚದರ ಮೀಟರ್ ಅಂತ ಬರಬೇಕು, ಇನ್ನ ಜಾಗಾಕ್ಕ ಟೇಪ್ ಹಿಡದ್ರ ಒಂದ್ ಬಾಜೂ ಅರ್ಧ ಫೂಟ ಕಮ್ಮಿ ಬಂದ್ರ ಆ ಅರ್ಧ ಫೂಟ ನಿಮ್ಮ ಸೆಟ್‌ಬ್ಯಾಕನ್ನ (ಮನಿ ಸುತ್ತ ಖಾಲಿ ಬಿಡಬೇಕಾದ ಜಾಗಾ) ತಿಂತೈತಿ. ಆಸ್ತಿ ಅಣ್ಣತಮ್ಮಂದಿರ ಹೆಸರಿನ್ಯಾಗ ಜಂಟಿ ಇದ್ರ ವಾಟ್ನಿ ಪತ್ರ (ಪಾಲು ಹಂಚಿಕೊಂಡ ಪತ್ರ) ಇಲ್ಲಾ ಎಲ್ಲಾರ್ದೂ ಒಪ್ಪಿಗಿ ಬೇಕು, ಇದಂತೂ ಪಾಲಿಕಿಗಿಂತ ಮನ್ಯಾಗ ತಡಾ ಆಗೋ ಕೆಲಸ.

ಪಾಯಾ. ಹುಬ್ಬಳ್ಳಿ ಕಡೆ ಎರಿ ಮಣ್ಣು, ಮಳಿಗಾಲದಾಗ ಉಬ್ಬತೈತಿ, ಬ್ಯಾಸಿಗ್ಯಾಗ ಬಿರಿತೈತಿ, ಒಂದ ಫ್ಲೋರಿಗಂತ ಹಾಕಿದ ಪಾಯಾ ಎರಡನೇದು ತಡಿತೈತಿ ಅಂತ ಗೌಂಡಿ ಎದಿ ತಟ್ಟಿ ಹೇಳಿದ್ರೂ ನಂಬಬ್ಯಾಡ್ರಿ. ಸ್ಟ್ರಕ್ಚರಲ್ ಇಂಜಿನಿಯರ್‌ನ್ನ ಕರಸಿ ಒಂದ್ ಕಾಲಂ ಬಾಜೂ ತೆಗ್ಗ ತೋಡ್ಸಿ ಫೂಟಿಂಗ್ ಎಷ್ಟ ಆಳ, ಎಷ್ಟ ಅಗಲ ಐತಿ ನೋಡ್ರಿ. ಕಾಲಂ ಇಲ್ಲದ ಕಲ್ಲಿನ ಗ್ವಾಡಿ ಮನಿ ಆದ್ರ ಇನ್ನೂ ಹುಷಾರ್. 2019ರ ಮಾರ್ಚ್ 19ಕ್ಕ ಧಾರವಾಡ ಕುಮಾರೇಶ್ವರ ನಗರದಾಗ ಕಟ್ಟಾಕತ್ತಿದ್ದ ಬಿಲ್ಡಿಂಗ್ ಬಿದ್ದು 19 ಮಂದಿ ಹೋದ್ರು, ಇಲ್ಲಿ ಯಾರೂ ಅದನ್ನ ಮರೆತಿಲ್ಲ.

ಅರ್ಜಿ ಈಗ ಆನ್‌ಲೈನ್. ಪಾಲಿಕಿಯಾಗ ನೋಂದಣಿ ಆದ ಇಂಜಿನಿಯರ್ ಇಲ್ಲಾ ಆರ್ಕಿಟೆಕ್ಟ್ ಕಡಿಂದನ ಡ್ರಾಯಿಂಗ್ ಮಾಡ್ಸಿ ಅವ್ರ ಕಡಿಂದನ ಹಾಕಸ್ರಿ, ಆದ್ರ ಮೊಬೈಲ್ ನಂಬರ್ ಮಾತ್ರ ನಿಮ್ದ ಕೊಡ್ರಿ, ಇಲ್ಲಾಂದ್ರ ಆಕ್ಷೇಪ ಬಂದದ್ದು ನಿಮಗ ಗೊತ್ತ ಆಗಂಗಿಲ್ಲ, ಆಫೀಸಿನ್ಯಾಗ ಫೈಲ್ ಕುಂತೈತಿ ಅಂತ ಬೈಕೋತ ಇರ್ತೀರಿ, ಫೈಲ್ ಕುಂತಿರೋದು ಇಂಜಿನಿಯರ್ ಲಾಗಿನ್‌ನ್ಯಾಗ. ಡ್ರಾಯಿಂಗ್‌ನ್ಯಾಗ ಇದ್ದದ್ದು ಯಾವ್ದು, ಹೊಸಾದು ಯಾವ್ದು ಬ್ಯಾರೆ ಬ್ಯಾರೆ ಕಾಣಬೇಕು. ರೈಲ್ವೆ ಹದ್ದಿಗೆ ಹತ್ತಿದ ಪ್ಲಾಟು ಇಲ್ಲಾ ಮ್ಯಾಲ ಹೈಟೆನ್ಷನ್ ಲೈನ್ ಇದ್ರ ಎನ್‌ಒಸಿ ಬೇಕೋ ಏನೋ ಅಂತ ಇಂಜಿನಿಯರ್‌ನ್ನ ಮೊದ್ಲ ಕೇಳ್ರಿ. ಫೀ ಕಟ್ಟೋದು ಚಲನ್ ಮ್ಯಾಲ ಅಷ್ಟ. ಖರ್ಚು ಕಾಯ್ದೆದಾಗಿನ ಮಿತಿ ದಾಟಿದ್ರ ಕಾರ್ಮಿಕ ಸೆಸ್ಸೂ (ಕಟ್ಟಡ ಕಾರ್ಮಿಕರ ಕಲ್ಯಾಣಕ್ಕ ಕಟ್ಟೋ ರೊಕ್ಕಾ) ಬರತೈತಿ, ನಿಮಗ ಬರತೈತೇನು ಅಂತ ಕೇಳಿ ಬಜೆಟ್ಟಿನ್ಯಾಗ ಹಿಡೀರಿ.

ಪಾಸ್ ಆದ ಮ್ಯಾಲ ನಕ್ಷೆದ ಒಂದ್ ಝೆರಾಕ್ಸ್ ಗೌಂಡಿ ಕೈಯಾಗ ಕೊಡ್ರಿ. "ಸಾಹೇಬ್ರ, ಬಾಲ್ಕನಿ ಇನ್ನೆರಡ ಫೂಟ ಮುಂದ ತಗೊಳೋಣೇನ್ರಿ" ಅಂತ ಕೇಳೇ ಕೇಳತಾನ, ಬ್ಯಾಡ ಅನ್ರಿ. ಮುಗದ ಮ್ಯಾಲ ಕೆಲಸ ಮುಗೀತು ಅಂತ ಕಂಪ್ಲೀಷನ್ ಪತ್ರ ಕೊಟ್ಟು ಓಸಿ (ಮನ್ಯಾಗ ವಾಸ ಮಾಡಬಹುದು ಅಂತ ಪಾಲಿಕಿ ಕೊಡೋ ಪತ್ರ) ತಗೋರಿ. 2024ರ ಡಿಸೆಂಬರ್ 17ಕ್ಕ ಸುಪ್ರೀಂ ಕೋರ್ಟ್ ಓಸಿ ಇಲ್ಲದ ಬಿಲ್ಡಿಂಗಿಗೆ ಕರೆಂಟ್, ನೀರು ಕೊಡಬಾರ್ದು ಅಂತ ಹೇಳೇತಿ, ಹಂಗಾಗಿ ಮ್ಯಾಲಿನ ಬಾಡಗಿದಾರಿಗೆ ಬ್ಯಾರೆ ಮೀಟರ್ ಬೇಕಂತ ಹೆಸ್ಕಾಂಗೆ ಹೋಗೂ ಮೊದ್ಲ ಈ ಕಾಗದ ಕೈಯಾಗ ಇರ್ಲಿ. ಟ್ಯಾಕ್ಸನ್ನೂ ಹೊಸಾ ಅಳತಿ ಮ್ಯಾಲ ತುಂಬ್ರಿ, ಏಪ್ರಿಲ್‌ನ್ಯಾಗ ತುಂಬಿದ್ರ 5% ರಿಯಾಯ್ತಿ ಸಿಗತೈತಿ.