ಡಯಾಂಚ ಉತ್ತ ಗದ್ದೆಗೆ ಯೂರಿಯಾ ಎಷ್ಟು ಹಾಕಬೇಕು?

ನಮ್ಮ ಮಂಡ್ಯ ಕಡೆ ಎಷ್ಟೋ ಜನ ಕೊಟ್ಟಿಗೆ ಗೊಬ್ಬರ ಹೊಡೆಸುತ್ತಾರೆ, ಕೆಲವರು ಹಸಿರೆಲೆ ಗೊಬ್ಬರಕ್ಕೆಂದು ಡಯಾಂಚ ಗಿಡವನ್ನೂ ಬೆಳೆದು ಮಣ್ಣಿಗೆ ಸೇರಿಸಿ ಉಳುತ್ತಾರೆ. ಆಮೇಲೆ ಯೂರಿಯಾ ಮಾತ್ರ ಪ್ರತಿ ವರ್ಷದ ಹಾಗೇ ಎಕರೆಗೆ ಎರಡು ಮೂಟೆ. ಮಣ್ಣಿಗೆ ಹೋದ ಸೊಪ್ಪು ಲೆಕ್ಕಕ್ಕೇ ಬರುವುದಿಲ್ಲ. ದುಡ್ಡು ದಂಡ ಆಗುವುದು ಒಂದು ಕಡೆ, ಪೈರಿಗೂ ಕೇಡು. ಸಾರಜನಕ ಜಾಸ್ತಿಯಾದ ಗದ್ದೆ ಕಡು ಹಸಿರಾಗಿ ಕಣ್ಣಿಗೆ ಚೆಂದ ಕಾಣುತ್ತದೆ, ಆದರೆ ಬೆಂಕಿ ರೋಗ ಮತ್ತು ಕಂದು ಜಿಗಿಹುಳುವಿಗೆ ಅಂಥ ಗದ್ದೆಯೇ ಬೇಕು, ತೆನೆ ತೂಗುವ ಹೊತ್ತಿಗೆ ಮಲಗುವುದೂ ಅದೇ.

ಲೆಕ್ಕ ಹೀಗಿದೆ. ನೀರಾವರಿ ಭತ್ತಕ್ಕೆ ನಮ್ಮ ಭಾಗದ ಶಿಫಾರಸು ಎಕರೆಗೆ 40 ಕೆಜಿ ಸಾರಜನಕ, 20 ಕೆಜಿ ರಂಜಕ, 20 ಕೆಜಿ ಪೊಟ್ಯಾಷ್, ಜೊತೆಗೆ 4 ಟನ್ ಕೊಟ್ಟಿಗೆ ಗೊಬ್ಬರ. ಗೊಬ್ಬರ ಹಾಕಿದ ಮೇಲೂ 40, ಅದನ್ನು ಗಮನಿಸಿ. ಹಾಗಾಗಿ ಕೊಟ್ಟಿಗೆ ಗೊಬ್ಬರದ ಪಾಲನ್ನು ಕಳೆಯಬೇಡಿ. ಒಂದು ಟನ್ ಗೊಬ್ಬರದಲ್ಲಿ ಸುಮಾರು 5 ಕೆಜಿ ಸಾರಜನಕ ಇದ್ದರೂ ಮೊದಲ ಬೆಳೆಗೆ ಸಿಗುವುದು ಅದರ ಮೂರನೇ ಒಂದು ಭಾಗದಷ್ಟೇ, ಉಳಿದದ್ದು ನಿಧಾನಕ್ಕೆ ಮುಂದಿನ ಬೆಳೆಗಳಿಗೆ. ಕಳೆಯಬೇಕಾದ್ದು ಹಸಿರೆಲೆ ಗೊಬ್ಬರವನ್ನು.

ನಾಲೆಗೆ ನೀರು ಬಿಡುವ ಮೊದಲು, ಮೇ ತಿಂಗಳ ಮಳೆಗೆ ಎಕರೆಗೆ 10–12 ಕೆಜಿ ಡಯಾಂಚ ಎರಚಿ. ಅಪ್ಸೆಣಬೂ ಆಗುತ್ತದೆ, ಆದರೆ ನೀರು ನಿಲ್ಲುವ ತಗ್ಗು ಗದ್ದೆಗೆ ಡಯಾಂಚವೇ ಸರಿ. 45–50 ದಿನಕ್ಕೆ, ಹೂ ಕಾಣಿಸುವಾಗ, ಕಾಂಡ ಇನ್ನೂ ಎಳೆಯದಾಗಿರುವಾಗಲೇ ಕೆಸರಿಗೆ ಸೇರಿಸಿ ಉತ್ತುಬಿಡಿ. ಬಲಿತು ನಾರಾದರೆ ಕೊಳೆಯುವುದಿಲ್ಲ. ಒಂದು ವಾರ ಬಿಟ್ಟು ನಾಟಿ. ಚೆನ್ನಾಗಿ ಬೆಳೆದ ಡಯಾಂಚ ಎಕರೆಗೆ 20 ಕೆಜಿಗೂ ಜಾಸ್ತಿ ಸಾರಜನಕ ಕೂಡಿಸಿರುತ್ತದೆ, ನಾನು ಮಾತ್ರ 15 ಎಂದೇ ಹಿಡಿಯುತ್ತೇನೆ.

ಈಗ ರಂಜಕಕ್ಕೆ ಅಂತ 43 ಕೆಜಿ ಡಿಎಪಿ ಹಾಕುತ್ತೀರಿ ಅಲ್ವಾ, ಅದರಲ್ಲೇ 8 ಕೆಜಿ ಸಾರಜನಕ ಬಂತು. 15 ಮತ್ತು 8 ಸೇರಿ 23. ನಾಟಿ ಹೊತ್ತಿಗೆ ಬೇಕಾದದ್ದು ಒಟ್ಟು 40ರಲ್ಲಿ ಅರ್ಧ, ಅಂದರೆ 20. ಅದು ಆಗಲೇ ಮುಗಿಯಿತು! ಆದ್ದರಿಂದ ನಾಟಿ ಸಮಯಕ್ಕೆ ಯೂರಿಯಾ ಮೂಟೆ ಬಿಚ್ಚುವುದೇ ಬೇಡ. ಉಳಿದ 17 ಕೆಜಿಗೆ 37 ಕೆಜಿ ಯೂರಿಯಾ ಸಾಕು, ಯಾಕೆಂದರೆ ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. ಡಯಾಂಚ ಇಲ್ಲದಿದ್ದರೆ ಇದೇ ಜಾಗಕ್ಕೆ 70 ಕೆಜಿ ಬೇಕಾಗುತ್ತಿತ್ತು.

ಆ 37 ಕೆಜಿಯನ್ನು ಎರಡು ಪಾಲು ಮಾಡಿ. ಮೊದಲನೆಯದು ತೆಂಡೆ (ಪೈರಿನ ಬುಡದ ಕವಲು) ಒಡೆಯುವಾಗ, ನಾಟಿಯಾಗಿ 25 ದಿನದ ಆಸುಪಾಸು. ಎರಡನೆಯದು ತೆನೆ ಒಳಗೇ ಹುಟ್ಟುವಾಗ. ಅದಕ್ಕೆ ತಾರೀಖು ಎಣಿಸುತ್ತಾ ಕೂರಬೇಡಿ. ದಪ್ಪ ತೆಂಡೆಯೊಂದನ್ನು ಕಿತ್ತು ಬುಡವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿ. ಒಳಗೆ ಬಿಳಿ ಎಳೆ ಕುಚ್ಚು ಕಡಲೆಬೇಳೆಗಿಂತ ಚಿಕ್ಕದಾಗಿ ಕಂಡರೆ ಅದೇ ಸಮಯ. 130 ದಿನದ ತಳಿಗೆ ಬಿತ್ತಿದ 65ನೇ ದಿನದ ಹತ್ತಿರ ಬರುತ್ತದೆ. ತೆನೆ ಹೊರಬಂದ ಮೇಲೆ ಯೂರಿಯಾ ಬೇಡವೇ ಬೇಡ.

ಎರಚುವ ರೀತಿಯಲ್ಲೇ ಅರ್ಧ ಹಾಳಾಗುತ್ತದೆ. ನಿಂತ ನೀರಿನ ಮೇಲೆ ಬಿದ್ದ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಪಾಚಿ ಇರುವ ನೀರಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಇನ್ನೂ ಬೇಗ. ಹಿಂದಿನ ದಿನವೇ ನೀರು ಬಸಿಯಿರಿ, ಕಳೆ ತೆಗೆಸಿ, ಸಂಜೆ ಗರಿ ಒಣಗಿರುವಾಗ ಎರಚಿ, ಮಡೆ ಮುಚ್ಚಿ. ಒಂದೆರಡು ದಿನ ಬಿಟ್ಟು ನೀರು ಕಟ್ಟಿ. ಆದರೆ ಗದ್ದೆ ಬಿರುಕು ಬಿಡುವ ತನಕ ಒಣಗಿಸಬೇಡಿ. ಒಣಗಿದಾಗ ಸಾರಜನಕ ನೈಟ್ರೇಟ್ ಆಗುತ್ತದೆ, ಮತ್ತೆ ನೀರು ನಿಂತಾಗ ಅದೂ ಗಾಳಿಪಾಲು.

ಇನ್ನೊಂದು ಮಾತು, ಹಸಿ ಗೊಬ್ಬರದ ಬಗ್ಗೆ. ಒಂದು ವರ್ಷ ಅವಸರಕ್ಕೆ ಹುಲ್ಲು ಕಾಣುತ್ತಿದ್ದ ಅರೆಕೊಳೆತ ಗೊಬ್ಬರ ಹೊಡೆಸಿದ್ದೆ. ನಾಟಿಯಾದ ಹತ್ತು ದಿನಕ್ಕೆ ಪೈರೆಲ್ಲ ಹಳದಿ. ಹುಲ್ಲು ಕೊಳೆಸುವ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕು, ಮೊದಲು ತಿನ್ನುವುದು ಅವೇ. ಈಗ ಗೊಬ್ಬರ ಕೈಯಲ್ಲಿ ಹಿಡಿದರೆ ಪುಡಿಯಾಗಬೇಕು, ಸಗಣಿ ವಾಸನೆ ಇರಬಾರದು, ಆಮೇಲೇ ಗದ್ದೆಗೆ. ನಾಟಿಗೆ ಮೂರು ವಾರ ಮುಂಚೆ ಹರಡಿ ಅಂದೇ ಉಳುವುದು ಒಳ್ಳೆಯದು, ಬಿಸಿಲಲ್ಲಿ ಗುಡ್ಡೆ ಬಿಟ್ಟರೆ ಸುಮ್ನೆ ಸಾರ ಹೋಗುತ್ತದೆ.

ಧಾರವಾಡ, ಬೆಳಗಾವಿ ಕಡೆ ನೀರು ಹಾಯಿಸಿ ಗೋದಿ ಬೆಳೆಯುವವರಿಗೆ ಲೆಕ್ಕದ ದಾರಿ ಇದೇ, ಸಮಯ ಬೇರೆ. ಅಲ್ಲಿ ಮೇಲುಗೊಬ್ಬರವನ್ನು ಬಿತ್ತಿದ 21ನೇ ದಿನದ ಮೊದಲ ನೀರಿನ ಜೊತೆ ಕೊಡಬೇಕು, ಬುಡದ ಹೊಸ ಬೇರು ಬಿಡುವುದು ಆಗಲೇ.

ನನ್ನ ಮಾತು ನಂಬಿ ಪೂರ್ತಿ ಜಮೀನಿಗೆ ಮಾಡಬೇಡಿ. ಮೊದಲ ವರ್ಷ ಒಂದೇ ಗದ್ದೆಗೆ ಮಾಡಿ, ಪಕ್ಕದ ಗದ್ದೆಗೆ ಹಳೇ ಲೆಕ್ಕದಲ್ಲೇ ಹಾಕಿ. ಬಡಿದ ಮೇಲೆ ಎರಡರ ಭತ್ತವನ್ನೂ ಬೇರೆ ಬೇರೆ ತೂಕ ಹಾಕಿ, ಜೊಳ್ಳು ಎಷ್ಟು ಅಂತಲೂ ನೋಡಿ.