ಊರಲ್ಲಿ ಬರೆ ಜರಿದಾಗ ಹಾಸ್ಟೆಲಿನಲ್ಲಿ ದಿನ ತಳ್ಳುವುದು ಹೇಗೆ

2018ರ ಆಗಸ್ಟ್ 16, ಗುರುವಾರ. ಬೆಂಗಳೂರಿನ ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುತ್ತಿದ್ದೆ. ನಾನು ಮಡಿಕೇರಿ ಹತ್ತಿರದ ಮಕ್ಕಂದೂರು ಕಡೆಯವಳು. ಮಳೆ ಜೋರಿದೆ ಅಂತ ಅಪ್ಪ ಹಿಂದಿನ ದಿನವೇ ಹೇಳಿದ್ದರು. ಆದರೆ ಕೊಡಗಿನವರಿಗೆ ಆಗಸ್ಟ್ ತಿಂಗಳ ಮಳೆ ಒಂದು ಸುದ್ದಿಯೇ ಅಲ್ಲ. ಸಂಜೆ ಅಣ್ಣನ ಮೆಸೇಜ್ ಬಂತು: "ಮನೆ ಹಿಂದಿನ ಬರೆ ಜರಿದಿದೆ. ಹೊರಟಿದ್ದೇವೆ." ಬರೆ ಅಂದರೆ ನಮ್ಮ ಕಡೆ ಗುಡ್ಡದ ಕಡಿದಾದ ಇಳಿಜಾರು. ಆಮೇಲೆ ಎರಡು ದಿನ ಯಾರ ಫೋನೂ ಸಿಗಲಿಲ್ಲ.

2024ರ ಜುಲೈನಲ್ಲಿ ಮೊದಲು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು, ಎರಡು ವಾರ ಕಳೆಯುವಷ್ಟರಲ್ಲಿ ಕೇರಳದ ವಯನಾಡಿನಲ್ಲಿ. ಆಗ ನಾನು ಪಾಠ ಮಾಡುವ ಕಾಲೇಜಿನಲ್ಲಿ ಆ ಕಡೆಯ ಇಬ್ಬರು ಹುಡುಗಿಯರು ಫೋನ್ ಹಿಡಿದು ಕಾರಿಡಾರಿನಲ್ಲಿ ಕೂತಿದ್ದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಫೋನಿನ ವಿಷಯ. ನಾನು ಮಾಡಿದ ದೊಡ್ಡ ತಪ್ಪು ಅಂದರೆ ಎರಡು ನಿಮಿಷಕ್ಕೊಮ್ಮೆ ಅಪ್ಪನಿಗೆ ಕರೆ ಮಾಡಿದ್ದು. ಅಲ್ಲಿ ಕರೆಂಟ್ ಇರಲಿಲ್ಲ. ಟವರ್ ಒಮ್ಮೆ ಬಂದು ಒಮ್ಮೆ ಹೋಗುತ್ತಿತ್ತು. ಅವರ ಫೋನಿನಲ್ಲಿ ಉಳಿದಿದ್ದ ಚೂರು ಚಾರ್ಜನ್ನು ನಾನೇ ತಿಂದುಬಿಟ್ಟೆ. ನೀವು ಹೀಗೆ ಮಾಡಬೇಡಿ. ಒಂದು ಎಸ್‌ಎಂಎಸ್ ಕಳಿಸಿ. ಕರೆ ಹೋಗದಿದ್ದಾಗಲೂ ಅದು ಎಷ್ಟೋ ಸಲ ತಲುಪುತ್ತದೆ. "ಎಲ್ಲಿದ್ದೀರಿ, ಜೊತೆಗೆ ಯಾರಿದ್ದಾರೆ" ಅಷ್ಟೇ ಕೇಳಿ. ಮಳೆ ಕಡಿಮೆ ಇರುವ ಊರಿನ ನೆಂಟರೊಬ್ಬರನ್ನು ಹಿಡಿದು, ಎಲ್ಲರೂ ಅವರಿಗೇ ಸುದ್ದಿ ಮುಟ್ಟಿಸುವ ಹಾಗೆ ಮಾಡಿ. ನಮಗೆ ಹಾಗಿದ್ದವರು ಕುಶಾಲನಗರದ ಚಿಕ್ಕಮ್ಮ. ಎಲ್ಲರೂ ಗಂಜಿ ಕೇಂದ್ರದಲ್ಲಿದ್ದಾರೆ ಅಂತ ಗೊತ್ತಾಗಿದ್ದು ಅವರಿಂದಲೇ.

ಎರಡನೆಯದು ವಿಡಿಯೋ. ಆ ವಾರ ಎರಡಂತಸ್ತಿನ ಮನೆಯೊಂದು ಗುಡ್ಡದಿಂದ ಜಾರಿ ಬೀಳುವ ವಿಡಿಯೋ ಎಲ್ಲರ ಫೋನಿನಲ್ಲೂ ಓಡುತ್ತಿತ್ತು. ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ನಮ್ಮ ಮನೆಯಲ್ಲ ಅಂತ ಗೊತ್ತಿತ್ತು, ಆದರೂ ಹಿಂದಿನ ಮರ ಯಾವುದು ಅಂತ ದೊಡ್ಡದು ಮಾಡಿ ನೋಡುತ್ತಿದ್ದೆ. ಡ್ಯಾಮ್ ಒಡೆಯಿತು ಅನ್ನುವ ವಾಯ್ಸ್ ಮೆಸೇಜ್ ಬೇರೆ. ಅದು ಸುಳ್ಳು. ಕೊನೆಗೆ ನನ್ನ ರೂಮ್‌ಮೇಟ್, ವಿಜಯಪುರದವಳು, ಫೋನ್ ಕಿತ್ತುಕೊಂಡು ತನ್ನ ದಿಂಬಿನ ಕೆಳಗಿಟ್ಟಳು. "ಮನೆಯವರ ಫೋನ್ ಬಂದ್ರೆ ಕೊಡ್ತೀನಿ. ಉಳಿದದ್ದು ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ" ಅಂದಳು. ಕೋಪ ಬಂತು, ಆದರೆ ಆ ರಾತ್ರಿ ಮೂರು ಗಂಟೆ ನಿದ್ದೆಯೂ ಬಂತು. ನಿಮಗೂ ಅಂಥವಳೊಬ್ಬಳು ಸಿಕ್ಕರೆ ಫೋನ್ ಕೊಟ್ಟುಬಿಡಿ.

ಊಟ ಇದಕ್ಕಿಂತ ಕಷ್ಟ. ಮೆಸ್ಸಿನಲ್ಲಿ ಬಿಸಿ ಅನ್ನ ಸಾರು ಬಡಿಸಿದರೆ ಕೈ ಮುಂದಕ್ಕೆ ಹೋಗುತ್ತಿರಲಿಲ್ಲ. ಅಜ್ಜಿ ಯಾವುದೋ ಶಾಲೆಯ ನೆಲದ ಮೇಲೆ ಮಲಗಿದ್ದಾಳೆ, ನಾನಿಲ್ಲಿ ಹಪ್ಪಳ ಮುರಿಯಬೇಕಾ? ಅದರ ಮೇಲೆ, "ನಿನಗೇನಾಯ್ತು, ನೀನು ಸೇಫ್ ಆಗಿದ್ದೀಯಲ್ಲ" ಅನ್ನುವವರು ಬೇರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಸೇಫ್ ಆಗಿರುವುದೇ ನೋವು ಅಂತ ಅವರಿಗೆ ಹೇಗೆ ಹೇಳುವುದು? ಈ ತಪ್ಪಿತಸ್ಥ ಭಾವನೆಯ ಜೊತೆ ವಾದಕ್ಕೆ ಇಳಿಯಬೇಡಿ, ಗೆಲ್ಲುವುದಿಲ್ಲ. ಅದನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನಾಲ್ಕು ತುತ್ತು ತಿನ್ನಿ. ನನಗೆ ಮೊಸರನ್ನ ಒಂದೇ ಇಳಿಯುತ್ತಿತ್ತು. ನಾಲ್ಕು ದಿನ ಮೂರು ಹೊತ್ತೂ ಅದೇ.

ತಕ್ಷಣ ಊರಿಗೆ ಹೊರಡಬೇಕಾ? ಎಲ್ಲರಿಗೂ ಅನ್ನಿಸುತ್ತದೆ. ನಾನು ಮೆಜೆಸ್ಟಿಕ್‌ವರೆಗೆ ಹೋಗಿ ವಾಪಸ್ ಬಂದವಳು. ನೀವು ಹೋದರೆ ಅಲ್ಲಿ ಮಲಗಲು ಜಾಗ ಇದೆಯಾ, ದಾರಿ ತೆರೆದಿದೆಯಾ ಅಂತ ಕೇಳಿ. ಆ ವರ್ಷ ಮಡಿಕೇರಿಯಿಂದ ಸಂಪಾಜೆ ಕಡೆಗಿನ ರಸ್ತೆಯೇ ಕುಸಿದಿತ್ತು. ಮನೆಯವರು ಬರಬೇಡ ಅಂದರೆ ಸಿಟ್ಟಾಗಬೇಡಿ. ನಾನು ಹೋದದ್ದು ಸೆಪ್ಟೆಂಬರಿನಲ್ಲಿ. ಆಗ ಕೆಸರು ಎತ್ತಲು, ಅರ್ಜಿ ಬರೆಯಲು ನಿಜಕ್ಕೂ ಕೈ ಬೇಕಿತ್ತು.

ಪರಿಹಾರ ಸಾಮಾನು ಪ್ಯಾಕ್ ಮಾಡುವ ಕೆಲಸ ಒಳ್ಳೆಯದು, ಕೈಗೆ ಏನೋ ಒಂದು ಸಿಗುತ್ತದೆ. ಆದರೆ ನಾನು ನಿದ್ದೆ ತಪ್ಪಿಸಿಕೊಳ್ಳಲಿಕ್ಕೇ ಅದನ್ನು ಮಾಡುತ್ತಿದ್ದೆ. ಅದು ಬೇಡ. (ಹರಿದ ಸೀರೆಯನ್ನೂ ದಯವಿಟ್ಟು ಯಾರೂ ಕೊಡಬೇಡಿ. ಟಾರ್ಚ್, ಪ್ಯಾಡ್, ಹೊಸ ಒಳಉಡುಪು ಕೊಡಿ.)

ಕಾಲೇಜಿಗೆ ಬರವಣಿಗೆಯಲ್ಲಿ ತಿಳಿಸಿ. ಅತ್ತುಕೊಂಡು ಹೇಳಿದ್ದು ಮರೆತುಹೋಗುತ್ತದೆ, ಪತ್ರ ಫೈಲಿನಲ್ಲಿ ಉಳಿಯುತ್ತದೆ. ನಾನು ಎರಡು ವಾರ ಯಾರಿಗೂ ಹೇಳಲಿಲ್ಲ. ಇಂಟರ್ನಲ್ಸ್ ಹೋಯಿತು, ಹಾಜರಿ ಕಡಿಮೆಯಾಯಿತು. ನಿಮಗೆ ಹತ್ತಿರ ಅನ್ನಿಸುವ ಒಬ್ಬ ಮೇಷ್ಟ್ರಿಗೆ ಮೂರು ಸಾಲು ಬರೆಯಿರಿ: ಊರಿನ ಹೆಸರು, ಏನಾಗಿದೆ, ನಿಮಗೆ ಏನು ಬೇಕು. ಹಾಜರಿ, ಮರುಪರೀಕ್ಷೆ, ಫೀಸಿನ ಕಂತು, ಕೊಚ್ಚಿಹೋದ ಮಾರ್ಕ್ಸ್ ಕಾರ್ಡ್, ಯಾವುದು ಬೇಕೋ ಅದನ್ನು ಬಿಡಿಸಿ ಬರೆಯಿರಿ.

ಮನೆಯವರ ಹತ್ತಿರ ಮಾತಾಡುವುದು ಹೇಗೆ? ಮೊದಮೊದಲು ನಾವೆಲ್ಲ ಸುಮ್ನೆ ಸುಳ್ಳು ಹೇಳಿಕೊಂಡೆವು. ಅವರು "ನಾವು ಆರಾಮಿದ್ದೇವೆ" ಅಂದರೆ, ನಾನು "ಚೆನ್ನಾಗಿ ಓದ್ತಿದ್ದೀನಿ" ಅನ್ನುತ್ತಿದ್ದೆ. ಎಲ್ಲ ಸರಿಹೋಗುತ್ತದೆ ಅಂದರೆ ಅಪ್ಪ "ಹ್ಞೂಂ" ಅಂದು ಫೋನನ್ನು ಅಮ್ಮನಿಗೆ ಕೊಡುತ್ತಿದ್ದರು. ಒಂದು ದಿನ, ಬೇರೇನೂ ತೋಚದೆ, "ಕಣ ಇದೆಯಾ ಅಪ್ಪಾ?" ಅಂತ ಕೇಳಿದೆ. ಕಾಫಿ ಒಣಗಿಸುವ ಕಣ. ಅಪ್ಪ ಇಪ್ಪತ್ತು ನಿಮಿಷ ಮಾತಾಡಿದರು. ಕಣದ ಯಾವ ಮೂಲೆ ಉಳಿದಿದೆ, ಮೆಣಸಿನ ಬಳ್ಳಿ ಹಬ್ಬಿದ್ದ ಸಿಲ್ವರ್ ಮರ ಹೇಗೆ ನಿಂತ ಹಾಗೇ ಜಾರಿ ಕೆಳಗಿನವರ ಗದ್ದೆಗೆ ಹೋಯಿತು, ನಾಯಿ ಹೇಗೆ ಮೂರನೇ ದಿನ ಕೇಂದ್ರ ಹುಡುಕಿಕೊಂಡು ಬಂತು. ಧೈರ್ಯ ಹೇಳಬೇಡಿ. ಸಣ್ಣ ವಸ್ತುವಿನ ಬಗ್ಗೆ ಕೇಳಿ.

ಮೊದಲ ಕೆಲವು ವಾರ ನಿದ್ದೆ ಬರದಿರುವುದು, ಪಾಠ ತಲೆಗೆ ಹತ್ತದಿರುವುದು, ಮಳೆ ಸದ್ದಿಗೆ ಎದೆ ಹೊಡೆದುಕೊಳ್ಳುವುದು ಎಲ್ಲ ಸಹಜ. ತಿಂಗಳು ದಾಟಿದರೂ ಹಾಗೇ ಇದ್ದರೆ ಕೌನ್ಸೆಲರ್ ಹತ್ತಿರ ಹೋಗಿ. ಬದುಕುವುದೇ ಬೇಡ ಅನ್ನಿಸಿದರೆ ತಿಂಗಳು ಕಾಯಬೇಡಿ, ಆ ಕ್ಷಣವೇ ಪಕ್ಕದವರನ್ನು ಎಬ್ಬಿಸಿ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾಯಿತು, ನನ್ನ ಕಾಲಕ್ಕೆ ಇರಲಿಲ್ಲ. ನಾನು ನವೆಂಬರಿನಲ್ಲಿ ಕೌನ್ಸೆಲರ್ ರೂಮಿನ ಬಾಗಿಲವರೆಗೆ ಎರಡು ಸಲ ಹೋಗಿ ತಿರುಗಿ ಬಂದೆ. ಯಾರಾದರೂ ನೋಡಿದರೆ ಹುಚ್ಚಿ ಅಂದುಕೊಳ್ಳುತ್ತಾರೆ ಅಂತ ಭಯ. ಮೂರನೇ ಸಲ ರೂಮ್‌ಮೇಟ್ ಜೊತೆಗೆ ಬಂದು, ಹೊರಗೆ ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತಾ ಕೂತಿದ್ದಳು.

ಮುಂದಿನ ಮಳೆಗಾಲಕ್ಕೆ ಮೊದಲೇ ತಯಾರಿರಿ. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ಕಡೆಯ ತೋರದಲ್ಲಿ ಗುಡ್ಡ ಕುಸಿಯಿತು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಎರಡು ಸಲವೂ ನನ್ನ ಕೈ ಮತ್ತೆ ನಡುಗಿತು. ಈಗ ಜೂನ್ ಬಂದ ಕೂಡಲೇ ಮನೆಗೊಂದು ಪವರ್ ಬ್ಯಾಂಕ್, ದಾಖಲೆಗಳ ಫೋಟೋ ನನ್ನ ಫೋನಿನಲ್ಲಿ, ಕುಶಾಲನಗರದ ಚಿಕ್ಕಮ್ಮನಿಗೆ ರೀಚಾರ್ಜ್. ಚಿಕ್ಕಮ್ಮ ಪ್ರತಿ ವರ್ಷ ಬೈಯುತ್ತಾರೆ, "ನನ್ನ ಹತ್ರ ದುಡ್ಡಿಲ್ವಾ?" ಅಂತ. ನಾನು ಮಾಡಿಸುತ್ತಲೇ ಇದ್ದೇನೆ.