ಕಜ್ಜಿಗೆ ಒಂದೇ ರಾತ್ರಿ, ಮನೆಮಂದಿಗೆಲ್ಲ ಮುಲಾಮು

ಬೆಂಗಳೂರಿನ ಹೊರವಲಯದಲ್ಲಿ ಏಳುತ್ತಿದ್ದ ಬಹುಮಹಡಿ ಕಟ್ಟಡದ ಹಿಂಬದಿಗೆ ತಗಡಿನ ಶೆಡ್ಡುಗಳ ಸಾಲು. ಅಲ್ಲೊಂದು ಬಾಗಿಲಲ್ಲಿ ಕುಳಿತಿದ್ದ ರಾಯಚೂರು ಕಡೆಯ ತಾಯಿಯೊಬ್ಬರು ನನಗೆ ಒಂದು ಟ್ಯೂಬು ತೋರಿಸಿದರು. ಹಲ್ಲುಜ್ಜುವ ಪೇಸ್ಟಿನ ಹಾಗೆ ಬುಡದಿಂದ ಸುರುಳಿ ಸುತ್ತಿ ಪೂರ್ತಿ ಹಿಂಡಿದ್ದ 30 ಗ್ರಾಂ ಮುಲಾಮು. “ಹಚ್ಚಿದೆ ಅಕ್ಕಾ. ಎಂಟು ದಿನ ಹುಡುಗ ಸುಮ್ಮನೆ ಮಲಗಿದ. ಈಗ ಮತ್ತೆ ರಾತ್ರಿಯೆಲ್ಲ ಕೆರೆಯುತ್ತಾನೆ” ಎಂದರು. ಎಲ್ಲಿಗೆ ಹಚ್ಚಿದಿರಿ ಎಂದು ಕೇಳಿದೆ. ಗುಳ್ಳೆ ಎದ್ದ ಕಡೆ. ಯಾರಿಗೆ? ಅವನೊಬ್ಬನಿಗೆ. ಆ ಚಾಪೆಯ ಮೇಲೆ ಮಲಗುವವರು ಐದು ಜನ.

ಔಷಧಿ ಸರಿಯಾದದ್ದೇ. ಚೀಟಿ ಬರೆದವರು ಹಚ್ಚುವ ಬಗೆ ಹೇಳಿರಲಿಲ್ಲ, ಅಷ್ಟೆ.

ಕಜ್ಜಿಯೇ ಹೌದೇ?

ಮೊದಲು ಮಗುವಿನ ಕೈ ಹಿಡಿದು ಬೆರಳ ಸಂದುಗಳನ್ನು ಬಿಡಿಸಿ ನೋಡಿ. ಆಮೇಲೆ ಮಣಿಕಟ್ಟು, ಕಂಕುಳು, ಹೊಕ್ಕುಳ ಸುತ್ತ, ಉಡಿದಾರದ ಕೆಳಗೆ, ತೊಡೆಸಂದು. ಗಂಡುಮಕ್ಕಳಲ್ಲಿ ಗುಪ್ತಾಂಗದ ಮೇಲೂ ಸಣ್ಣ ಗಂಟುಗಳು ಇರಬಹುದು. ಎರಡು ವರ್ಷದೊಳಗಿನ ಕೂಸುಗಳಲ್ಲಿ ಅಂಗೈ, ಅಂಗಾಲು, ತಲೆಯ ಮೇಲೆ ಕೂಡ ಗುಳ್ಳೆ ಏಳುತ್ತದೆ. ದೊಡ್ಡವರಲ್ಲಿ ಮುಖಕ್ಕೂ ತಲೆಗೂ ಬರುವುದು ಅಪರೂಪ. ರಾತ್ರಿ ತುರಿಕೆ ಹೆಚ್ಚು, ಮನೆಯಲ್ಲಿ ಇನ್ನೊಬ್ಬರೂ ಕೆರೆದುಕೊಳ್ಳುತ್ತಿದ್ದಾರೆ ಎಂದರೆ ಕಜ್ಜಿ ಎಂದೇ ಅನುಮಾನಿಸಿ. ವೈದ್ಯರಿಗೆ ತೋರಿಸಿ ಖಚಿತ ಮಾಡಿಕೊಂಡ ಮೇಲೆಯೇ ಔಷಧಿ.

ಇದು ಅರ್ಧ ಮಿಲಿಮೀಟರಿಗಿಂತ ಚಿಕ್ಕದಾದ ನುಸಿಯ ಕೆಲಸ. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ಮೊಟ್ಟೆ ಇಡುತ್ತದೆ. ಮೈತುಂಬ ಕೆರೆಯುವ ಮಗುವಿನಲ್ಲೂ ಸಾಮಾನ್ಯವಾಗಿ ಇರುವುದು ಹತ್ತು ಹದಿನೈದು ನುಸಿ ಮಾತ್ರ. ಇಟಲಿಯ ವೈದ್ಯ ಜೊವಾನ್ನಿ ಕೊಸಿಮೊ ಬೊನೊಮೊ 1687ರಲ್ಲಿ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದ. ಆದರೆ ಅವನಿಗೆ ಸುಳಿವು ಸಿಕ್ಕಿದ್ದು, ಬಡ ತಾಯಂದಿರು ಮಕ್ಕಳ ಗುಳ್ಳೆಯಿಂದ ಸೂಜಿಮೊನೆಯಲ್ಲಿ ಏನನ್ನೋ ತೆಗೆದು ಉಗುರಿನ ಮೇಲಿಟ್ಟು ಕುಕ್ಕುವುದನ್ನು ನೋಡಿ! ತಾಯಂದಿರಿಗೆ ಮೊದಲೇ ಗೊತ್ತಿತ್ತು.

ಸ್ನಾನ ಮಾಡಿಸದೆ ಇದ್ದುದರಿಂದ ಕಜ್ಜಿ ಬರುವುದಿಲ್ಲ. ದಿನಾ ಮೀಯಿಸಿದ ಮಗುವಿಗೂ ಬರುತ್ತದೆ. ಮೈಗೆ ಮೈ ತಾಗಿಸಿಕೊಂಡು ಒತ್ತಾಗಿ ಮಲಗುವುದರಿಂದ ಹರಡುವ ರೋಗ ಇದು. ಒತ್ತಾಗಿ ಮಲಗುವುದು ಜಾಗ ಇಲ್ಲದವರು. ಹೊಲಸು ಎಂದು ತಾಯಿಯನ್ನು ಬೈಯುವುದರಿಂದ ಆಗುವುದು ಒಂದೇ, ಮುಂದಿನ ಸಲ ಆಕೆ ಆಸ್ಪತ್ರೆಗೆ ಬರುವುದಿಲ್ಲ.

ಟ್ಯೂಬಿನ ಲೆಕ್ಕ

ಸಾಮಾನ್ಯವಾಗಿ ಕೊಡುವುದು ಶೇ 5ರ ಪರ್ಮೆಥ್ರಿನ್ ಮುಲಾಮು. ದೊಡ್ಡವರಿಗೆ ಒಂದು ಸಲಕ್ಕೆ 30 ಗ್ರಾಂನ ಒಂದು ಟ್ಯೂಬು ಪೂರ್ತಿ ಬೇಕು. ಆರರಿಂದ ಹನ್ನೆರಡು ವರ್ಷದವರಿಗೆ ಅರ್ಧ, ಒಂದರಿಂದ ಐದು ವರ್ಷದವರಿಗೆ ಕಾಲು, ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಕೂಸಿಗೆ ಅರೆಕಾಲು, ಅಂದರೆ ಎಂಟರಲ್ಲಿ ಒಂದು ಭಾಗ ಟ್ಯೂಬು. ಆ ಶೆಡ್ಡಿನ ಸಂಸಾರಕ್ಕೆ ಲೆಕ್ಕ ಹಾಕೋಣ. ಗಂಡ ಹೆಂಡತಿಗೆ ಎರಡು, ಎಂಟು ವರ್ಷದ ಮಗಳಿಗೆ ಅರ್ಧ, ಮೂರು ವರ್ಷದವನಿಗೆ ಕಾಲು, ಒಂದೂವರೆ ವರ್ಷದವಳಿಗೆ ಇನ್ನೊಂದು ಕಾಲು. ಒಟ್ಟು ಮೂರು ಟ್ಯೂಬು. ವಾರದ ನಂತರ ಇನ್ನೊಮ್ಮೆ ಹಚ್ಚಬೇಕಾದ್ದರಿಂದ ಆರು. ಅವರಿಗೆ ಸಿಕ್ಕಿದ್ದು ಒಂದು.

ಆದ್ದರಿಂದ ವೈದ್ಯರ ಮುಂದೆ ಕುಳಿತಾಗಲೇ ಹೇಳಿ: “ಒಂದೇ ಹಾಸಿಗೆಯಲ್ಲಿ ಇಷ್ಟು ಜನ ಮಲಗುತ್ತೇವೆ, ಎಲ್ಲರಿಗೂ ಬರೆದುಕೊಡಿ.” ತುರಿಕೆ ಇಲ್ಲದವರಿಗೂ ಬೇಕು. ಮೊದಲ ಬಾರಿ ಅಂಟಿದಾಗ ನಾಲ್ಕರಿಂದ ಆರು ವಾರ ತುರಿಕೆಯೇ ಕಾಣಿಸುವುದಿಲ್ಲ. ಅಷ್ಟು ದಿನವೂ ನುಸಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತಿರುತ್ತದೆ. ಎರಡು ತಿಂಗಳು ತುಂಬದ ಕೂಸಿದ್ದರೆ ಅದಕ್ಕೆ ಬೇರೆ ಔಷಧಿ ಬೇಕಾದೀತು, ಸಾಮಾನ್ಯವಾಗಿ ಗಂಧಕದ ಮುಲಾಮು. ಗರ್ಭಿಣಿಯಾಗಿದ್ದರೆ ಅದನ್ನೂ ಹೇಳಿ.

ಎಲ್ಲರಿಗೂ ಏಕೆ ಎಂದು ಹಣದ ಲೆಕ್ಕ ಹಿಡಿದವರು ಕೇಳುತ್ತಾರೆ. ಫಿಜಿ ದ್ವೀಪಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಅವರಿಗೆ ಉತ್ತರ. ಒಂದು ಕಡೆ ಕಜ್ಜಿಯಾದವರಿಗೂ ಅವರ ಜೊತೆಯಲ್ಲಿ ಇರುವವರಿಗೂ ಮಾತ್ರ ಔಷಧಿ. ವರ್ಷದ ನಂತರ ಕಜ್ಜಿ ಶೇ 36.6ರಿಂದ 18.8ಕ್ಕೆ ಇಳಿಯಿತು. ಇನ್ನೊಂದು ಕಡೆ ಊರಿಗೆ ಊರೇ ಐವರ್‌ಮೆಕ್ಟಿನ್ ಮಾತ್ರೆ ನುಂಗಿತು. ಅಲ್ಲಿ ಶೇ 32.1 ಇದ್ದದ್ದು 1.9ಕ್ಕೆ ಬಂತು. ಅಷ್ಟೇ ಅಲ್ಲ, ಅದೇ ಊರುಗಳಲ್ಲಿ ಕೀವುಗುಳ್ಳೆಯೂ ಶೇ 24.6ರಿಂದ 8ಕ್ಕೆ ತಗ್ಗಿತು. ಈ ಮಾತ್ರೆಯನ್ನು 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೂ ಗರ್ಭಿಣಿಯರಿಗೂ ಕೊಡುವುದಿಲ್ಲ. ನಾವಾಗಿ ಕೊಂಡು ನುಂಗುವಂಥದ್ದೂ ಅಲ್ಲ.

ಹಚ್ಚುವ ರಾತ್ರಿ

ಎಲ್ಲರೂ ಮನೆಯಲ್ಲಿರುವ ಒಂದು ರಾತ್ರಿ ಗೊತ್ತುಮಾಡಿಕೊಳ್ಳಿ. ಬಟವಾಡೆಯ ಮರುದಿನ ರಜೆ ಇದ್ದರೆ ಅದರ ಹಿಂದಿನ ರಾತ್ರಿ ಒಳ್ಳೆಯದು. ಉಗುರು ಕತ್ತರಿಸಿ. ಬಿಸಿನೀರು ಹುಯ್ದು ತಿಕ್ಕಬೇಡಿ. ಮೈ ತಣ್ಣಗೆ, ಒಣಗಿರಬೇಕು. ನಾನು ಓದುತ್ತಿದ್ದ ಹಾಸ್ಟೆಲಿನಲ್ಲಿ ತೆಂಗಿನ ನಾರಿನಿಂದ ರಕ್ತ ಜಿನುಗುವವರೆಗೆ ಉಜ್ಜಿ, ಮೇಲೆ ಹಾಲಿನಂಥ ಬೆಂಜೈಲ್ ಬೆಂಜೋಯೇಟ್ ಎಂಬ ಕಜ್ಜಿ ಔಷಧಿ ಸವರುತ್ತಿದ್ದರು. ಆ ಉರಿಗೆ ಹುಡುಗಿಯರು ಹಿತ್ತಲಿನಲ್ಲಿ ಕುಣಿದಾಡುತ್ತಿದ್ದೆವು. ಉಜ್ಜುವುದರಿಂದ ಒಂದು ನುಸಿಯೂ ಸಾಯುವುದಿಲ್ಲ ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಕುತ್ತಿಗೆಯಿಂದ ಅಂಗಾಲಿನವರೆಗೆ ಒಂದು ಬೆರಳಗಲವನ್ನೂ ಬಿಡದೆ ತೆಳುವಾಗಿ ಹಚ್ಚಿ. ಮರೆತುಹೋಗುವ ಜಾಗಗಳೇ ನುಸಿಗೆ ಇಷ್ಟ: ಬೆರಳ ಸಂದು, ಉಗುರಿನ ಅಡಿ, ಕಿವಿಯ ಹಿಂದೆ, ಕುಂಡೆಯ ಸೀಳು, ಅಂಗಾಲು. ಉಡಿದಾರ, ತಾಯಿತ, ಬಳೆಗಳನ್ನು ಬಿಚ್ಚಲಾಗದಿದ್ದರೆ ಪಕ್ಕಕ್ಕೆ ಸರಿಸಿ ಅದರಡಿಗೂ ಸವರಿ. ಚಿಕ್ಕ ಮಕ್ಕಳಿಗೆ ಕಣ್ಣು, ಬಾಯಿಯ ಸುತ್ತ ಬಿಟ್ಟು ಮುಖಕ್ಕೂ ತಲೆಗೂ ಹಚ್ಚಬೇಕು. ಬೆರಳು ಚೀಪುವ ಕೂಸಿನ ಕೈಗೆ ಕಾಲುಚೀಲ ತೊಡಿಸಿ. ಹಾಲೂಡಿಸುವ ತಾಯಿ ಪ್ರತಿ ಬಾರಿಯೂ ಮೊಲೆತೊಟ್ಟು ತೊಳೆದು, ಹಾಲು ಕೊಟ್ಟಾದ ಮೇಲೆ ಮತ್ತೆ ಹಚ್ಚಿಕೊಳ್ಳಬೇಕು. ರಾತ್ರಿ ಕೈ ತೊಳೆದವರೆಲ್ಲರದ್ದೂ ಅದೇ ಪಾಡು. ಎಂಟರಿಂದ ಹದಿನಾಲ್ಕು ಗಂಟೆ ಮೈಮೇಲೆ ಇರಲಿ. ರಾತ್ರಿ ಎಂಟಕ್ಕೆ ಹಚ್ಚಿದರೆ ಬೆಳಗ್ಗೆ ಆರಕ್ಕೆ ಸ್ನಾನ.

ಬೆಳಗ್ಗೆ, ಹಿಂದಿನ ಮೂರು ದಿನ ಉಟ್ಟ ಬಟ್ಟೆ, ಹೊದ್ದ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಸುಡುಬಿಸಿಲಿಗೆ ಹಾಕಿ. ಟ್ಯಾಂಕರಿನ ನೀರನ್ನು ಕೊಡದ ಲೆಕ್ಕದಲ್ಲಿ ಹಿಡಿಯುವವರು ಕೌದಿ ಒಗೆಯುವುದು ಹೇಗೆ ಎನ್ನುವಿರಾದರೆ, ಒಗೆಯುವುದೇ ಬೇಡ. ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಬಿಗಿದು ನಾಲ್ಕು ದಿನ ಮೂಲೆಯಲ್ಲಿಡಿ. ಮನುಷ್ಯನ ಮೈಬಿಟ್ಟ ನುಸಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ.

ಕೀವಾಗಿದ್ದರೆ

ಕೆರೆದ ಗಾಯಕ್ಕೆ ಬ್ಯಾಕ್ಟೀರಿಯಾ ಸೇರಿ, ಜೇನು ಒಣಗಿದಂಥ ಹಳದಿ ಹಕ್ಕಳೆ ಕಟ್ಟುತ್ತದೆ. ಬಿಸಿಲು ಕಾಲದ ಸೆಕೆ ಗುಳ್ಳೆ ಎಂದು ಇದನ್ನು ಸುಮ್ಮನೆ ಬಿಡಬೇಡಿ. ಸೋಪು, ಉಗುರುಬೆಚ್ಚಗಿನ ನೀರಿನಲ್ಲಿ ಹಕ್ಕಳೆ ನೆನೆಸಿ ಮೆಲ್ಲಗೆ ತೆಗೆದು, ವೈದ್ಯರು ಕೊಟ್ಟ ಮುಲಾಮು ಹಚ್ಚಿ, ತೆಳು ಬಟ್ಟೆ ಮುಚ್ಚಿ. ಗಾಯ ಹೆಚ್ಚಿದ್ದರೆ ಹೊಟ್ಟೆಗೂ ಔಷಧಿ ಬೇಕಾಗುತ್ತದೆ. ಸೋಪನ್ನು ಹಗುರವಾಗಿ ಕಾಣಬೇಡಿ: ಕರಾಚಿಯ ಕೊಳೆಗೇರಿಗಳಲ್ಲಿ ಸೋಪು ಕೊಟ್ಟು ಕೈತೊಳೆಯುವುದನ್ನು ರೂಢಿಸಿದಾಗ ಮಕ್ಕಳ ಕೀವುಗುಳ್ಳೆ ಶೇ 34ರಷ್ಟು ಕಡಿಮೆಯಾದದ್ದು 2005ರಲ್ಲಿ ವರದಿಯಾಗಿದೆ.

ಗಾಯವಾದ ಮೂರರಿಂದ ಆರು ವಾರದಲ್ಲಿ ಮಗುವಿನ ಮುಖ ಊದಿದರೆ, ಮೂತ್ರ ಕಡಿಮೆಯಾದರೆ ಅಥವಾ ಕಡುಚಹಾದ ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಹೋಗಿ. ಚರ್ಮದ ಸ್ಟ್ರೆಪ್ಟೋಕಾಕಸ್ ಸೋಂಕಿನ ಬೆನ್ನಿಗೆ ಮೂತ್ರಪಿಂಡ ಊದಿಕೊಳ್ಳುವುದುಂಟು. ಜ್ವರ ಬಂದರೆ, ಗಾಯದ ಸುತ್ತ ಕೆಂಪು ಹರಡಿದರೆ ಕಾಯಬೇಡಿ.

ಅಂಗಡಿಯಲ್ಲಿ “ತುರಿಕೆಗೆ ಏನಾದರೂ ಕೊಡಿ” ಎಂದರೆ ಸ್ಟಿರಾಯ್ಡ್ ಬೆರೆಸಿದ ಮುಲಾಮು ಕೈಗೆ ಬರುವ ಸಂಭವ ಹೆಚ್ಚು. ಮೂರು ದಿನ ತುರಿಕೆ ಅಡಗುತ್ತದೆ, ನುಸಿ ಹಬ್ಬ ಮಾಡುತ್ತದೆ, ಕಜ್ಜಿ ಗುರುತು ಸಿಗದಷ್ಟು ರೂಪ ಬದಲಿಸುತ್ತದೆ. ಸೀಮೆಎಣ್ಣೆ, ಗಾಡಿಯ ಹಳೇ ಆಯಿಲ್ ಹಚ್ಚುವವರಿಗೆ ಕೈಮುಗಿದು ಹೇಳುತ್ತೇನೆ, ಬೇಡ.

ಎಂಟನೆಯ ದಿನ

ವಾರ ಕಳೆದ ಮೇಲೆ ಇಡೀ ಮನೆಗೆ ಇದೇ ಕ್ರಮದಲ್ಲಿ ಇನ್ನೊಮ್ಮೆ. ಅಳಿದುಳಿದ ಮೊಟ್ಟೆಯೊಡೆದು ಬಂದ ಮರಿಗಳಿಗಾಗಿ ಈ ಎರಡನೇ ಸುತ್ತು. ಹೆಚ್ಚಿನವರು ತಪ್ಪಿಸುವುದು ಇದನ್ನೇ, ಏಕೆಂದರೆ ಅಷ್ಟರಲ್ಲಿ ಮಗು ನಿದ್ದೆ ಮಾಡುತ್ತಿರುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಮೊದಲ ದಿನವೇ ಆ ತಾರೀಕಿಗೆ ಸುತ್ತು ಹಾಕಿಬಿಡಿ.

ತುರಿಕೆ ಇನ್ನೂ ಎರಡರಿಂದ ನಾಲ್ಕು ವಾರ ಇದ್ದೇ ಇರುತ್ತದೆ. ನುಸಿ ಸತ್ತರೂ ಅದರ ಕಸ ಚರ್ಮದೊಳಗೆ ಉಳಿದಿರುವುದರಿಂದ ಹೀಗೆ. ಗಾಬರಿಯಾಗಿ ದಿನಾ ಪರ್ಮೆಥ್ರಿನ್ ಬಳಿಯಬೇಡಿ. ನಾಲ್ಕು ವಾರ ದಾಟಿಯೂ ಹೊಸ ಗುಳ್ಳೆ ಏಳುತ್ತಿದ್ದರೆ ಮತ್ತೆ ತೋರಿಸಿ. ಪಕ್ಕದ ಶೆಡ್ಡಿನ ಮಗು ನಿಮ್ಮಲ್ಲೇ ಮಲಗುತ್ತಿದ್ದರೆ ಅವರ ಮನೆಗೂ ಅದೇ ರಾತ್ರಿ ಔಷಧಿ ಆಗಬೇಕಿತ್ತು ಎಂಬುದು ಆಗ ನೆನಪಾಗುತ್ತದೆ, ಮೊದಲೇ ಕೇಳಿಟ್ಟುಕೊಳ್ಳಿ. ಅಂಗನವಾಡಿಗೆ ಮಗುವನ್ನು ತಿಂಗಳುಗಟ್ಟಲೆ ಬಿಡಿಸಬೇಕಾಗಿಲ್ಲ. ಮೊದಲ ಸಲ ಹಚ್ಚಿ ಒಂದು ದಿನ ಕಳೆದರೆ ಕಳುಹಿಸಬಹುದು. ಕಾರ್ಯಕರ್ತೆ ಬೇಡ ಎಂದರೆ ಈ ಪುಟವನ್ನೇ ತೋರಿಸಿ.